ಜಿಪ್ಸಂ ಹಲಗೆಯನ್ನು ಲೋಹದ ಅಥವಾ ಮರದ ಚೌಕಟ್ಟಿಗೆ ಬಿಗಿಯುವ ಸ್ಕ್ರೂಗಳು: ಸಾರ್ವಜನಿಕರಿಗೆ ಮಾಹಿತಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮನೆ ದುರಸ್ತಿ, ಅಂಗಡಿ ಮಳಿಗೆ, ಚಿಕಿತ್ಸಾಲಯ, ಟ್ಯೂಷನ್ ಕೇಂದ್ರ ಅಥವಾ ಸಣ್ಣ ಕಚೇರಿಯ ಸಲುವಾಗಿ ಪರವಾನಗಿ, ಸಾಲ ಮತ್ತು ಇತರ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಇಂತಹ ಕಟ್ಟಡಗಳ ಒಳಾಂಗಣದಲ್ಲಿ ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್ ಹಾಗೂ ಅಡ್ಡಗೋಡೆಗಳ ಬಳಕೆ ಸಾಮಾನ್ಯವಾಗಿದೆ. ಹಲಗೆ ಯಾವ ಕಂಪನಿಯದು, ಬಣ್ಣ ಯಾವುದು, ದೀಪ ಎಷ್ಟು ಎಂಬುದನ್ನು ಗ್ರಾಹಕರು ವಿಚಾರಿಸಿಕೊಳ್ಳುತ್ತಾರೆ. ಆದರೆ ಆ ಹಲಗೆಯನ್ನು ತಲೆಯ ಮೇಲೆ ಹಿಡಿದು ನಿಲ್ಲಿಸುವ ಸ್ಕ್ರೂವಿನ ಬಗ್ಗೆ ವಿಚಾರಿಸುವವರು ವಿರಳ. ಒಂದು ರೂಪಾಯಿಗೂ ಕಡಿಮೆ ಬೆಲೆಯ ಈ ವಸ್ತುವನ್ನು ತಪ್ಪಾಗಿ ಆರಿಸಿದಲ್ಲಿ ಅಥವಾ ತಪ್ಪಾಗಿ ಬಿಗಿದಲ್ಲಿ, ಹಲವು ಸಾವಿರ ರೂಪಾಯಿಗಳ ಕೆಲಸ ಒಂದೇ ಮಳೆಗಾಲದಲ್ಲಿ ಹಾಳಾಗುವ ಸಂಭವವಿದೆ. ಮಲಗುವ ಕೋಣೆ ಅಥವಾ ಮಕ್ಕಳು ಕುಳಿತುಕೊಳ್ಳುವ ಕೊಠಡಿಯಾದಲ್ಲಿ ಜೀವಕ್ಕೂ ಅಪಾಯವಿದೆ.

ಜಿಪ್ಸಂ ಹಲಗೆ ಎಂದರೇನು?

ಜಿಪ್ಸಂ ಒಂದು ಮೆದು ಖನಿಜ. ನಮ್ಮ ದೇಶದಲ್ಲಿ ಇದು ಮುಖ್ಯವಾಗಿ ರಾಜಸ್ಥಾನದಲ್ಲಿ ದೊರೆಯುತ್ತದೆ. ಫಾಸ್ಫೇಟ್ ಗೊಬ್ಬರದ ಕಾರ್ಖಾನೆಗಳಲ್ಲಿ ಉಪಉತ್ಪನ್ನವಾಗಿಯೂ ಬರುತ್ತದೆ. ಇದನ್ನು ಕಾಯಿಸಿ ಪುಡಿ ಮಾಡಿ, ನೀರಿನೊಂದಿಗೆ ಕಲಸಿ, ಎರಡು ದಪ್ಪ ಕಾಗದಗಳ ನಡುವೆ ಎರಕ ಹೊಯ್ದು ಒಣಗಿಸಿದರೆ ಹಲಗೆಯಾಗುತ್ತದೆ. ಇದಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 2095, ಭಾಗ 1. ಸೀಲಿಂಗ್‌ಗೆ ಸಾಮಾನ್ಯವಾಗಿ ಬಳಸುವ ಹಲಗೆಯ ದಪ್ಪ 12.5 ಮಿ.ಮೀ.; ಅಳತೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದ; ತೂಕ ಸುಮಾರು 20 ಕೆ.ಜಿ.

ಜಿಪ್ಸಂ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ರಾಸಾಯನಿಕವಾಗಿ ಬೆರೆತ ನೀರೇ ಆಗಿರುತ್ತದೆ. ಅಂದರೆ ಮುಟ್ಟಿದರೆ ಒಣಗಿರುವ ಒಂದು ಹಲಗೆಯೊಳಗೆ ಸುಮಾರು 4 ಲೀಟರ್ ನೀರು ಅಡಗಿದೆ. ಬೆಂಕಿ ತಗುಲಿದಾಗ ಈ ನೀರು ಆವಿಯಾಗುತ್ತಾ ಶಾಖವನ್ನು ಹೀರಿಕೊಳ್ಳುವುದರಿಂದ ಹಲಗೆಯ ಹಿಂಬದಿ ಬೇಗನೆ ಕಾಯುವುದಿಲ್ಲ. ಇದು ಹಲಗೆಯ ದೊಡ್ಡ ಗುಣ. ಅದರ ದೊಡ್ಡ ದೋಷವೂ ನೀರಿನದೇ: ಹೊರಗಿನಿಂದ ನೀರು ತಗುಲಿದರೆ ತಿರುಳು ಮೆತ್ತಗಾಗುತ್ತದೆ, ಕಾಗದ ಬಿಟ್ಟುಕೊಳ್ಳುತ್ತದೆ.

ಈ ಕಾಗದದ ವಿಷಯವನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸತಕ್ಕದ್ದು. ಹಲಗೆ ಬಾಗದಂತೆ ತಡೆಯುವ ಬಲ ಇರುವುದು ಬಹುಮಟ್ಟಿಗೆ ಕಾಗದದಲ್ಲಿ. ಒಳಗಿನ ತಿರುಳು ಬಳಪದಂತೆ ಪುಡಿಯಾಗುವ ವಸ್ತು. ಸ್ಕ್ರೂವಿನ ತಲೆ ಒತ್ತಿ ಹಿಡಿಯುವುದೂ ಈ ಕಾಗದವನ್ನೇ. ಮುಂದೆ ವಿವರಿಸಲಾಗುವ ಬಹುತೇಕ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಈ ಸ್ಕ್ರೂ ಬೇರೆ ಸ್ಕ್ರೂಗಳಿಂದ ಹೇಗೆ ಭಿನ್ನ?

ಅಂಗಡಿಗಳಲ್ಲಿ ‘ಡ್ರೈವಾಲ್ ಸ್ಕ್ರೂ’, ‘ಜಿಪ್ಸಂ ಸ್ಕ್ರೂ’ ಅಥವಾ ಬರಿದೇ ‘ಕಪ್ಪು ಸ್ಕ್ರೂ’ ಎಂದು ಕೇಳಿದರೆ ಇದನ್ನು ಕೊಡುತ್ತಾರೆ. ಬಡಗಿಗಳು ಬಾಗಿಲಿಗೆ ಬಳಸುವ ಮರದ ಸ್ಕ್ರೂವಿನ ತಲೆ ಕೆಳಗೆ ನೇರ ಇಳಿಜಾರಿನ ಶಂಕುವಿನಂತಿರುತ್ತದೆ. ಅದನ್ನು ಜಿಪ್ಸಂ ಹಲಗೆಗೆ ಬಿಗಿದಲ್ಲಿ ತಲೆಯ ಅಂಚು ಕಾಗದವನ್ನು ಕತ್ತರಿಸಿ ಒಳಗೆ ಇಳಿಯುತ್ತದೆ. ಜಿಪ್ಸಂ ಸ್ಕ್ರೂವಿನ ತಲೆಯಾದರೋ ಜಾತ್ರೆಯಲ್ಲಿ ಊದುವ ಕಹಳೆಯ ಬಾಯಿಯಂತೆ ಬಾಗುತ್ತಾ ಅಗಲವಾಗುತ್ತದೆ. ಈ ಬಾಗು ಕಾಗದವನ್ನು ಹರಿಯದೆ ನಿಧಾನವಾಗಿ ಒಳಕ್ಕೆ ಒತ್ತಿ, ಒಂದು ಸಣ್ಣ ತಗ್ಗು ಮಾಡಿ, ಅಲ್ಲಿ ಕುಳಿತುಕೊಳ್ಳುತ್ತದೆ. ಪುಟ್ಟಿ ತುಂಬಲು ಬೇಕಾದಷ್ಟು ಜಾಗವೂ ಅದರಿಂದ ಸಿಗುತ್ತದೆ.

ತಲೆಯ ಮೇಲಿನ ಕೂಡುಗೆರೆಯ ಗುಳಿ ‘ಫಿಲಿಪ್ಸ್’ ಮಾದರಿಯದು. ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬುವವರು 1936ರಲ್ಲಿ ಇದರ ಪೇಟೆಂಟ್‌ಗಳನ್ನು ಪಡೆದಿದ್ದರು. ಇದಕ್ಕೆ ಎರಡನೆಯ ಸಂಖ್ಯೆಯ ಬಿಟ್ ಸರಿಹೊಂದುತ್ತದೆ. ಬಿಟ್ ಸವೆದಿದ್ದರೆ ಗುಳಿಯೊಳಗೆ ಜಾರಿ ತಲೆಯನ್ನು ಕೆರೆದುಹಾಕುತ್ತದೆ. ಸ್ಕ್ರೂ ಅರ್ಧದಲ್ಲೇ ನಿಲ್ಲುತ್ತದೆ. ಇಂತಹ ಅರ್ಧಂಬರ್ಧ ನಿಂತ ಸ್ಕ್ರೂಗಳನ್ನು ಪುಟ್ಟಿಯಿಂದ ಮುಚ್ಚಿಬಿಡುವ ಪರಿಪಾಠ ಸರಿಯಲ್ಲ.

ಕಪ್ಪು ಬಣ್ಣವು ಫಾಸ್ಫೇಟ್ ಲೇಪದ್ದು. ಇದು ಪುಟ್ಟಿ ಅಂಟಿಕೊಳ್ಳಲು ಸಹಾಯಕ. ತುಕ್ಕಿನಿಂದ ಅಲ್ಪ ರಕ್ಷಣೆ ನೀಡುತ್ತದೆ, ಅಷ್ಟೆ. ತೇವದ ಜಾಗಕ್ಕೆ ಇದು ತಕ್ಕದ್ದಲ್ಲ.

ಸ್ಕ್ರೂವಿನ ಉಕ್ಕನ್ನು ಕಾಯಿಸಿ ಗಡುಸು ಮಾಡಲಾಗಿರುತ್ತದೆ. ತಗಡನ್ನು ತಾನೇ ಚುಚ್ಚಿಕೊಂಡು ಹೋಗಲು ಈ ಗಡಸುತನ ಅವಶ್ಯ. ಆದರೆ ಗಡುಸಾದ ಉಕ್ಕು ಬಾಗುವುದಿಲ್ಲ, ಅಡ್ಡ ಹೊರೆ ಬಿದ್ದರೆ ತಟ್ಟನೆ ಮುರಿಯುತ್ತದೆ. ನಮ್ಮ ಊರುಗಳಲ್ಲಿ ಇದೇ ಕಪ್ಪು ಸ್ಕ್ರೂಗಳನ್ನು ಬೀರುವಿನ ಕೀಲು, ಅಡುಗೆಮನೆಯ ಗೋಡೆ ಕಪಾಟು, ಗ್ಯಾಸ್ ಗೀಸರ್‌ನ ಪಟ್ಟಿ ಎಲ್ಲಕ್ಕೂ ಬಳಸುವ ಅಭ್ಯಾಸ ಬೆಳೆದಿದೆ. ಇದು ಅಪಾಯಕರ. ಭಾರ ಹೊರುವ ಇಂತಹ ಕೆಲಸಗಳಿಗೆ ಅದಕ್ಕೆಂದೇ ಇರುವ ಸ್ಕ್ರೂಗಳನ್ನೇ ಬಳಸತಕ್ಕದ್ದು.

ಲೋಹಕ್ಕೆ ಸಣ್ಣ ಥ್ರೆಡ್, ಮರಕ್ಕೆ ದೊಡ್ಡ ಥ್ರೆಡ್

ಜಿಪ್ಸಂ ಸ್ಕ್ರೂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಥ್ರೆಡ್‌ನ ಸುತ್ತುಗಳು ಒತ್ತೊತ್ತಾಗಿ ಇರುವುದು ಲೋಹಕ್ಕೆ. ಸುತ್ತುಗಳ ನಡುವೆ ಹೆಚ್ಚು ಅಂತರವಿದ್ದು ಅಂಚು ಎತ್ತರವಾಗಿರುವುದು ಮರಕ್ಕೆ.

ಸೀಲಿಂಗ್‌ಗೆ ಬಳಸುವ ಸತು ಲೇಪಿತ ತಗಡಿನ ಪಟ್ಟಿಯ ದಪ್ಪ ಕೇವಲ 0.5 ಮಿ.ಮೀ. ಸ್ಕ್ರೂ ಎಷ್ಟೇ ಉದ್ದವಿರಲಿ, ತಗಡನ್ನು ಹಿಡಿಯುವುದು ಅದರ ಒಂದೆರಡು ಸುತ್ತುಗಳು ಮಾತ್ರ. ಸುತ್ತುಗಳು ಒತ್ತಾಗಿದ್ದಲ್ಲಿ ತಗಡು ಅವುಗಳ ನಡುವೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಮರದ ಸ್ಕ್ರೂ ಬಳಸಿದಲ್ಲಿ ತೂತು ದೊಡ್ಡದಾಗಿ, ಹಿಡಿತ ಸಡಿಲವಾಗುತ್ತದೆ. ಸರಿಯಾದ ಸ್ಕ್ರೂವನ್ನೇ ಬಿಗಿದ ಮೇಲೂ ಯಂತ್ರವನ್ನು ನಿಲ್ಲಿಸದೆ ಇನ್ನೂ ತಿರುಗಿಸುತ್ತಿದ್ದರೆ ತಗಡಿನ ಅಂಚು ಸವೆದು, ಸ್ಕ್ರೂ ಗಿರಗಿರನೆ ಖಾಲಿ ಸುತ್ತತೊಡಗುತ್ತದೆ. ಹಾಗೆ ಸುತ್ತುವ ಸ್ಕ್ರೂ ಏನನ್ನೂ ಹಿಡಿದಿರುವುದಿಲ್ಲ. ಅದನ್ನು ತೆಗೆದು, ಸುಮಾರು 50 ಮಿ.ಮೀ. ಪಕ್ಕದಲ್ಲಿ ಹೊಸದನ್ನು ಹಾಕಬೇಕು.

ಮರದಲ್ಲಿ ಇದಕ್ಕೆ ವಿರುದ್ಧ. ಒತ್ತಾದ ಸುತ್ತುಗಳ ನಡುವೆ ಮರದ ನಾರು ಪುಡಿಯಾಗಿ ತುಂಬಿಕೊಂಡು ಹಿಡಿತ ಕಡಿಮೆಯಾಗುತ್ತದೆ. ದೊಡ್ಡ ಥ್ರೆಡ್ ನಾರುಗಳ ನಡುವೆ ಆಳವಾಗಿ ಕಚ್ಚುತ್ತದೆ.

ಇನ್ನೊಂದು ಸಂದರ್ಭವನ್ನೂ ಇಲ್ಲಿ ಹೇಳುವುದು ಅವಶ್ಯ. ಸ್ಥಳೀಯ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕ ಪೈಪಿನ ಚೌಕಟ್ಟಿಗೆ ಕೆಲವರು ಜಿಪ್ಸಂ ಹಲಗೆ ಹಾಕಿಸುತ್ತಾರೆ. ಆ ಪೈಪಿನ ದಪ್ಪ ಸಾಮಾನ್ಯವಾಗಿ ಒಂದು ಮಿ.ಮೀ.ಗಿಂತ ಹೆಚ್ಚು. ಸೂಜಿಮೊನೆಯ ಸ್ಕ್ರೂ ಸುಮಾರು 0.8 ಮಿ.ಮೀ.ಗಿಂತ ದಪ್ಪದ ಉಕ್ಕನ್ನು ಸರಿಯಾಗಿ ಚುಚ್ಚಲಾರದು. ಮೊನೆ ಕಾಯ್ದು ಮೊಂಡಾಗುತ್ತದೆ. ಮೊದಲು ಡ್ರಿಲ್‌ನಿಂದ ತೂತು ಕೊರೆದು ಅದರಲ್ಲಿ ಅದೇ ಸ್ಕ್ರೂವನ್ನು ತುರುಕುವುದು ರೂಢಿಯಲ್ಲಿದೆ. ತೂತು ಒಂದಿಷ್ಟು ದೊಡ್ಡದಾದರೂ ಹಿಡಿತವಿಲ್ಲ. ಇಂತಹ ಚೌಕಟ್ಟಿಗೆ ಮೊನೆಯಲ್ಲೇ ಡ್ರಿಲ್ ಇರುವ ಸ್ಕ್ರೂ ದೊರೆಯುತ್ತದೆ. ಅದನ್ನೇ ಕೇಳಿ ಪಡೆಯುವುದು.

ಎಷ್ಟು ಉದ್ದದ ಸ್ಕ್ರೂ ಬೇಕು?

ಲೆಕ್ಕ ಸರಳ. ಲೋಹದಲ್ಲಿ ಸ್ಕ್ರೂವಿನ ಮೊನೆ ತಗಡನ್ನು ದಾಟಿ ಕನಿಷ್ಠ 10 ಮಿ.ಮೀ. ಆಚೆ ಬರಬೇಕು. ಹಲಗೆ 12.5 ಮಿ.ಮೀ., ತಗಡು ಅರ್ಧ ಮಿ.ಮೀ., ಅದರ ಮೇಲೆ 10, ಒಟ್ಟು 23. ಆದ್ದರಿಂದ ಒಂದು ಪದರದ ಹಲಗೆಗೆ 25 ಮಿ.ಮೀ. ಉದ್ದದ ಸ್ಕ್ರೂ ಸಾಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇದೇ ಕೆಲಸಕ್ಕೆ 3.5 ಮಿ.ಮೀ. ದಪ್ಪ, 25 ಮಿ.ಮೀ. ಉದ್ದ ಎಂದು ನಮೂದಿಸಿರುವುದನ್ನು ಗಮನಿಸಬಹುದು. ಶಬ್ದ ಅಥವಾ ಬೆಂಕಿ ತಡೆಗಾಗಿ ಎರಡು ಪದರ ಹಾಕಿಸುವುದಾದರೆ ಮೇಲಿನ ಪದರಕ್ಕೆ ಕನಿಷ್ಠ 36 ಮಿ.ಮೀ. ಬೇಕಾಗುವುದರಿಂದ 38 ಅಥವಾ ಅದಕ್ಕಿಂತ ಮುಂದಿನ ಅಳತೆಯನ್ನು ಆರಿಸಿಕೊಳ್ಳುವುದು. ಮೊದಲ ಪದರಕ್ಕೆ ಬಳಸಿದ 25ರ ಸ್ಕ್ರೂವನ್ನೇ ಎರಡನೆಯದಕ್ಕೂ ಬಳಸಿದಲ್ಲಿ ಅದು ಚೌಕಟ್ಟನ್ನು ಮುಟ್ಟುವುದೇ ಇಲ್ಲ. ಹಲಗೆಗೆ ಹಲಗೆಯೇ ಅಂಟಿಕೊಂಡಂತಾಗುತ್ತದೆ.

ಮರದಲ್ಲಿ ಮೊನೆ ಕನಿಷ್ಠ 16 ಮಿ.ಮೀ. ಒಳಗೆ ಇಳಿಯಬೇಕು. ಒಂದು ಪದರದ ಹಲಗೆಗೆ 32 ಅಥವಾ 35 ಮಿ.ಮೀ. ಸರಿಹೋಗುತ್ತದೆ.

‘ಉದ್ದವಾದಷ್ಟೂ ಗಟ್ಟಿ’ ಎಂಬ ನಂಬಿಕೆ ಮರದ ವಿಷಯದಲ್ಲಿ ಸರಿಯಲ್ಲ. ಕಾರಣ ಹೀಗಿದೆ: ಹಸಿ ಮರ ಒಣಗುತ್ತಾ ಕುಗ್ಗುತ್ತದೆ. ಸ್ಕ್ರೂವಿನ ಮೊನೆ ಮರದ ಒಳಗೆ ನಿಂತಲ್ಲೇ ನಿಂತಿರುತ್ತದೆ, ಮರದ ಮುಖ ಮಾತ್ರ ಹಿಂದೆ ಸರಿಯುತ್ತದೆ. ಹಲಗೆಗೂ ಮರಕ್ಕೂ ನಡುವೆ ಕೂದಲೆಳೆಯ ಸಂದು ಬೀಳುತ್ತದೆ. ಮುಂದೊಂದು ದಿನ ಹಲಗೆ ಆ ಸಂದಿಗೆ ಒತ್ತಿಕೊಂಡಾಗ ಸ್ಕ್ರೂವಿನ ತಲೆ ಪುಟ್ಟಿಯನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಸುಣ್ಣ ಬಣ್ಣ ಮಾಡಿದ ಕೆಲವೇ ತಿಂಗಳಲ್ಲಿ ಸಾಲಾಗಿ ಮೊಡವೆಗಳಂತೆ ಉಬ್ಬು ಕಾಣಿಸಿಕೊಳ್ಳುವುದು ಇದರಿಂದಲೇ. ಸ್ಕ್ರೂ ಎಷ್ಟು ಆಳಕ್ಕೆ ಹೋಗಿರುತ್ತದೋ ಅಷ್ಟು ಮರದ ಕುಗ್ಗುವಿಕೆ ಸೇರಿ ಉಬ್ಬು ಹೆಚ್ಚಾಗುತ್ತದೆ. ಆದ್ದರಿಂದ ಬೇಕಾದಷ್ಟೇ ಉದ್ದ ಇರಲಿ, ಮರ ಮಾತ್ರ ಚೆನ್ನಾಗಿ ಒಣಗಿರಲಿ.

ನಮ್ಮ ಭಾಗದಲ್ಲಿ ಇದು ಬರಿಯ ಪುಸ್ತಕದ ಮಾತಲ್ಲ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರ ಹಾಸನ ಜಿಲ್ಲೆಯಲ್ಲಿ ಸುಲಭವಾಗಿಯೂ ಅಗ್ಗವಾಗಿಯೂ ಸಿಗುತ್ತದೆ. ಕುಯ್ಯಿಸಿದ ವಾರದಲ್ಲೇ ರೀಪರ್ ಮಾಡಿ ಚೌಕಟ್ಟಿಗೆ ಹೊಡೆಯುವುದೂ ಉಂಟು. ಸಿಲ್ವರ್ ಓಕ್ ಬಳಸಬಾರದೆಂದು ಇದರ ಅರ್ಥವಲ್ಲ. ನೆರಳಿನಲ್ಲಿ ಅಟ್ಟಿ ಕಟ್ಟಿ ಗಾಳಿಯಾಡುವಂತೆ ಒಣಗಿಸಿ, ಗೆದ್ದಲು ನಿರೋಧಕ ಹಚ್ಚಿ ಬಳಸಿದಲ್ಲಿ ತೊಂದರೆಯಿಲ್ಲ. ಅಷ್ಟು ಕಾಯಲು ಸಮಯವಿಲ್ಲದವರು ಲೋಹದ ಚೌಕಟ್ಟಿಗೆ ಹೋಗುವುದು ಮೇಲು.

ನೂರು ಕಿಲೋ ಮತ್ತು ನೂರೆಂಬತ್ತು ಸ್ಕ್ರೂ

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಿಸ್ತೀರ್ಣ 120 ಚದರ ಅಡಿ. ನಾಲ್ಕು ಅಡಿ, ಆರು ಅಡಿಯ ಹಲಗೆ ಐದು ಬೇಕು. ಒಟ್ಟು ತೂಕ ಸುಮಾರು 100 ಕೆ.ಜಿ. ಎರಡು ಮೂಟೆ ಸಿಮೆಂಟು ತಲೆಯ ಮೇಲೆ ಹರಡಿದಂತೆ.

ಮೇಲ್ಕಂಡ ಕೇಂದ್ರ ಲೋಕೋಪಯೋಗಿ ಇಲಾಖೆಯ ವಿವರಣೆಯಂತೆ ಸೀಲಿಂಗ್ ಪಟ್ಟಿಗಳ ನಡುವಿನ ಅಂತರ 450 ಮಿ.ಮೀ., ಪಟ್ಟಿಯ ಉದ್ದಕ್ಕೂ ಸ್ಕ್ರೂವಿನಿಂದ ಸ್ಕ್ರೂವಿಗೆ 230 ಮಿ.ಮೀ. ಅಂದರೆ ಒಂಬತ್ತು ಇಂಚು. ಹೀಗೆ ಹಾಕಿದಲ್ಲಿ ಒಂದು ಹಲಗೆಗೆ 30ರಿಂದ 35 ಸ್ಕ್ರೂ ಬೀಳುತ್ತವೆ. ಗೋಡೆಯಂಚಿನ ಚಾನೆಲ್‌ಗೆ ಬೀಳುವವೂ ಸೇರಿ ಇಡೀ ಕೋಣೆಗೆ 180ರ ಆಸುಪಾಸು. ಪ್ರತಿ ಸ್ಕ್ರೂವಿನ ಪಾಲಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ತೂಕ.

ಇಷ್ಟು ಕಡಿಮೆ ತೂಕವಾದರೆ ಸ್ಕ್ರೂಗಳನ್ನು ಅರ್ಧಕ್ಕೆ ಇಳಿಸಿದರೇನು ಎಂಬ ಪ್ರಶ್ನೆ ಸಹಜ. ಅನೇಕ ಕಡೆ ಕೆಲಸಗಾರರು ಒಂದಡಿಗೆ, ಒಂದೂವರೆ ಅಡಿಗೆ ಒಂದರಂತೆ ಹಾಕುವುದೂ ಇದೇ ತರ್ಕದಿಂದ. ಉಕ್ಕಿನ ಸ್ಕ್ರೂ ಅರ್ಧ ಕಿಲೋಗೆ ಮುರಿಯುವುದಿಲ್ಲ ಎಂಬುದು ನಿಜ. ಆದರೆ ಸೀಲಿಂಗ್ ಬೀಳುವಾಗ ಸಾಧಾರಣವಾಗಿ ಸ್ಕ್ರೂ ಮುರಿಯುವುದೇ ಇಲ್ಲ. ಅದು ಪಟ್ಟಿಯಲ್ಲೇ ನೆಟ್ಟಗೆ ಉಳಿದಿರುತ್ತದೆ, ಹಲಗೆ ಮಾತ್ರ ಅದರ ತಲೆಯ ಸುತ್ತ ಹರಿದುಕೊಂಡು ಕೆಳಗೆ ಬಂದಿರುತ್ತದೆ. ಸೋರಿದ ನೀರು ಹೀರಿ ಹಲಗೆ ಭಾರವಾದಾಗ, ಅದೇ ನೀರಿನಿಂದ ಕಾಗದ ಮೆತ್ತಗಾದಾಗ, ಹೊರೆ ಏರಿದ ಕ್ಷಣದಲ್ಲೇ ಹಿಡಿತ ಇಳಿಯುತ್ತದೆ. ಒಂದು ಸ್ಕ್ರೂ ಬಿಟ್ಟರೆ ಅದರ ಪಾಲು ನೆರೆಯ ಸ್ಕ್ರೂವಿಗೆ ಹೋಗುತ್ತದೆ. ನೆರೆಯದು ಒಂಬತ್ತು ಇಂಚು ದೂರವಿದ್ದರೆ ತಡೆದೀತು, ಒಂದೂವರೆ ಅಡಿ ದೂರವಿದ್ದರೆ ಅದೂ ಬಿಡುತ್ತದೆ. ಸಾಲು ಸಾಲಾಗಿ ಬಿಚ್ಚಿಕೊಳ್ಳುವುದು ಹೀಗೆ. ಉಳಿತಾಯವಾದುದು ತೊಂಬತ್ತು ಸ್ಕ್ರೂವಿನ ಬೆಲೆ.

ಅಡ್ಡಗೋಡೆಯಲ್ಲಿ ಹಲಗೆ ತನ್ನ ಅಂಚಿನ ಮೇಲೆ ನಿಂತಿರುವುದರಿಂದ 300 ಮಿ.ಮೀ. ಅಂತರ ಸಾಕು. ಹೊರಮೂಲೆಗಳಲ್ಲಿ ಮಾತ್ರ 200ಕ್ಕೆ ಇಳಿಸುವುದು ಒಳ್ಳೆಯದು. ಕೆಳಗಡೆ ನೆಲದಿಂದ ಸುಮಾರು 10 ಮಿ.ಮೀ. ಬಿಟ್ಟು ಹಲಗೆ ನಿಲ್ಲಿಸತಕ್ಕದ್ದು. ಇಲ್ಲವಾದಲ್ಲಿ ನೆಲ ತೊಳೆದ ನೀರನ್ನು ಹಲಗೆ ಬತ್ತಿಯಂತೆ ಹೀರಿಕೊಳ್ಳುತ್ತದೆ.

ಫ್ಯಾನನ್ನು ಯಾವ ಕಾರಣಕ್ಕೂ ಹಲಗೆಗೆ ಅಥವಾ ತಗಡಿನ ಪಟ್ಟಿಗೆ ನೇತುಹಾಕತಕ್ಕದ್ದಲ್ಲ. ಅದರ ಕೊಂಡಿ ಮೇಲಿನ ಆರ್.ಸಿ.ಸಿ. ಛಾವಣಿಯಿಂದಲೇ ಇಳಿಯಬೇಕು.

ಬಿಗಿಯುವ ಕ್ರಮ

ಸ್ಕ್ರೂವಿನ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಇರಬೇಕು, ಕಾಗದ ಮಾತ್ರ ಹರಿಯಬಾರದು. ಕಡಿಮೆ ಬಿಗಿದಲ್ಲಿ ತಲೆ ಹೊರಗೆ ಉಳಿಯುತ್ತದೆ. ಹೆಚ್ಚು ಬಿಗಿದಲ್ಲಿ ಕಾಗದ ಹರಿದು ತಲೆ ಬರಿಯ ತಿರುಳಿನಲ್ಲಿ ಕುಳಿತಿರುತ್ತದೆ. ನೋಡುವವರ ಕಣ್ಣಿಗೆ ಎರಡನೆಯದೇ ‘ಗಟ್ಟಿಯಾಗಿ ಬಿಗಿದಂತೆ’ ಕಾಣುತ್ತದೆ. ವಾಸ್ತವದಲ್ಲಿ ಇವೆರಡರಲ್ಲಿ ಹೆಚ್ಚು ಅಪಾಯಕರವಾದುದು ಅದೇ. ಆಳ ನಿಯಂತ್ರಿಸುವ ಮೂತಿಯಿರುವ ಸ್ಕ್ರೂ ಯಂತ್ರಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ; ತಲೆ ನಿಗದಿತ ಆಳ ತಲುಪಿದೊಡನೆ ಯಂತ್ರ ತಾನಾಗಿ ಹಿಡಿತ ಬಿಡುತ್ತದೆ. ಸಾಮಾನ್ಯ ಡ್ರಿಲ್ ಯಂತ್ರಕ್ಕೆ ಈ ಸೌಲಭ್ಯವಿಲ್ಲ.

ಹಲಗೆಯ ಕಾಗದ ಮಡಿಚಿರುವ ಉದ್ದದ ಅಂಚಿನಿಂದ ಕನಿಷ್ಠ 10 ಮಿ.ಮೀ., ಕತ್ತರಿಸಿದ ಅಂಚಿನಿಂದ ಕನಿಷ್ಠ 13 ಮಿ.ಮೀ. ಒಳಗೆ ಸ್ಕ್ರೂ ಬರಬೇಕು. ಅದಕ್ಕಿಂತ ಹತ್ತಿರ ಹಾಕಿದಲ್ಲಿ ಅಂಚು ಚೂರಾಗಿ ಉದುರುತ್ತದೆ. ಯಂತ್ರವನ್ನು ಹಲಗೆಗೆ ನೇರವಾಗಿ ಹಿಡಿಯತಕ್ಕದ್ದು; ಓರೆಯಾದಲ್ಲಿ ತಲೆಯ ಒಂದು ಪಕ್ಕ ಕಾಗದವನ್ನು ಕತ್ತರಿಸುತ್ತದೆ. ಹಲಗೆಯ ನಡುವಿನಿಂದ ಪ್ರಾರಂಭಿಸಿ ಅಂಚುಗಳ ಕಡೆಗೆ ಬರುವುದು ಸರಿಯಾದ ಕ್ರಮ. ನಾಲ್ಕು ಮೂಲೆ ಮೊದಲು ಬಿಗಿದು ನಂತರ ನಡುವಿಗೆ ಹೋದಲ್ಲಿ ಹಲಗೆ ಚೌಕಟ್ಟಿನಿಂದ ಉಬ್ಬಿ ನಿಲ್ಲುತ್ತದೆ. ಬಿಗಿಯುವಾಗ ಮತ್ತೊಬ್ಬರು ಹಲಗೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದಿರಬೇಕು. ಸಂದನ್ನು ಸ್ಕ್ರೂವೇ ಎಳೆದು ಮುಚ್ಚಲಿ ಎಂದು ಬಿಡತಕ್ಕದ್ದಲ್ಲ.

ನಾಲ್ಕು ತಾಲ್ಲೂಕುಗಳ ಹವೆ ಮತ್ತು ತುಕ್ಕು

ಚನ್ನರಾಯಪಟ್ಟಣ ತಾಲ್ಲೂಕು ಬಹುಮಟ್ಟಿಗೆ ಬಯಲುಸೀಮೆ; ಅಲ್ಲಿ ಒಣ ಹವೆಯೇ ಹೆಚ್ಚು. ಅರಕಲಗೂಡಿನ ಪಶ್ಚಿಮ ಭಾಗ ಮಲೆನಾಡಿನ ಸೆರಗು. ಕಾವೇರಿ ದಂಡೆಯ ಕೊಣನೂರು, ರಾಮನಾಥಪುರಗಳೂ ಇದೇ ತಾಲ್ಲೂಕಿಗೆ ಸೇರಿವೆ. ಹೊಳೆನರಸೀಪುರ ಪಟ್ಟಣ ಹೇಮಾವತಿಯ ದಡದಲ್ಲೇ ಇದೆ. ಹಾಸನ ತಾಲ್ಲೂಕಿನಲ್ಲಿ ಗೊರೂರಿನ ಜಲಾಶಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು, ಚಳಿಗಾಲದ ಇಬ್ಬನಿ, ಎರಡರಲ್ಲೂ ಗೋಡೆಗಳು ತೇವ ಹಿಡಿಯುವ ಮನೆಗಳು ಇಲ್ಲಿ ಕಡಿಮೆಯೇನಿಲ್ಲ. ಒಂದೇ ಜಿಲ್ಲೆಯೊಳಗೆ ಒಂದೇ ಬಗೆಯ ಸ್ಕ್ರೂ ಎಲ್ಲ ಕಡೆಗೂ ಸರಿಹೊಂದುತ್ತದೆ ಎಂದು ಭಾವಿಸುವಂತಿಲ್ಲ.

ಒಣ ಕೋಣೆಗೆ ಕಪ್ಪು ಫಾಸ್ಫೇಟ್ ಸ್ಕ್ರೂ ಸಾಕು. ಸ್ನಾನದ ಕೋಣೆಗೆ ತಗುಲಿದ ಗೋಡೆ, ಅಡುಗೆಮನೆ, ತೇವದ ಗೋಡೆಯ ಅಂಚು ಹಾಗೂ ಮೇಲಂತಸ್ತಿನಲ್ಲಿ ನೀರಿನ ತೊಟ್ಟಿಯಿರುವ ಛಾವಣಿಯ ಕೆಳಗೆ ಸತು ಲೇಪಿತ ಸ್ಕ್ರೂ ಬಳಸುವುದು ಸೂಕ್ತ. ಅಂತಹ ಸ್ಥಳಗಳಿಗೆ ಹಸಿರು ಬಣ್ಣದ ಕಾಗದವಿರುವ, ತೇವ ತಡೆಯುವ ಹಲಗೆ ದೊರೆಯುತ್ತದೆ. ಅದು ತೇವದ ಗಾಳಿಯನ್ನು ತಡೆಯುತ್ತದೆಯೇ ಹೊರತು ಸೋರುವ ನೀರನ್ನಲ್ಲ ಎಂಬುದನ್ನು ಅಂಗಡಿಯವರು ಯಾವಾಗಲೂ ಹೇಳುವುದಿಲ್ಲ. ಕಪ್ಪು ಸ್ಕ್ರೂ ತುಕ್ಕು ಹಿಡಿದಲ್ಲಿ ಬಣ್ಣದ ಮೇಲೆ ಸಾಲಾಗಿ ಕಂದು ಚುಕ್ಕೆಗಳು ಕಾಣಿಸುತ್ತವೆ. ಆ ಚುಕ್ಕೆಗಳ ಮೇಲೆ ಮತ್ತೊಮ್ಮೆ ಬಣ್ಣ ಬಳಿಸುವುದರಿಂದ ಪ್ರಯೋಜನವಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಿಸುವುದು.

ಮಂಗಳೂರು ಹೆಂಚಿನ ಮನೆಗಳ ಬಗ್ಗೆ ಒಂದು ಮಾತು. ಹೆಂಚು ಹೊತ್ತ ರೀಪರುಗಳಿಗೇ ನೇರವಾಗಿ ಜಿಪ್ಸಂ ಹಲಗೆ ಬಿಗಿಯುವಂತೆ ಕೆಲವರು ಒತ್ತಾಯಿಸುತ್ತಾರೆ. ಹಳೆಯ ರೀಪರು ಮಟ್ಟವಾಗಿರುವುದಿಲ್ಲ. ಬಿಸಿಲು ಮಳೆಗೆ ಅಲುಗುತ್ತಿರುತ್ತದೆ. ಒಂದು ಹೆಂಚು ಸರಿದರೂ ನೀರು ನೇರ ಹಲಗೆಯ ಬೆನ್ನ ಮೇಲೆ. ತೊಲೆಗಳಿಂದ ಇಳಿಬಿಟ್ಟ ಪ್ರತ್ಯೇಕ ಚೌಕಟ್ಟು ಮಾಡಿಸಿ, ಹೆಂಚು ಕೈಯಾಡಿಸಲು ಒಂದು ಕಿಂಡಿ ಬಿಡಿಸುವುದು ಕ್ಷೇಮ. ಕಲ್ನಾರು ಶೀಟಿನ ಛಾವಣಿಯಿದ್ದಲ್ಲಿ ಅದನ್ನು ಕೊರೆಯಿಸಬೇಡಿ. ಅದರ ದೂಳು ಶ್ವಾಸಕೋಶಕ್ಕೆ ಹಾನಿಕರ.

ಪುಟ್ಟಿ ಹಚ್ಚುವ ಮುನ್ನ

ಸರ್ಕಾರಿ ಕಾಮಗಾರಿಗಳಲ್ಲಿ ಮುಚ್ಚಿಹೋಗುವ ಕೆಲಸವನ್ನು, ಉದಾಹರಣೆಗೆ ಅಡಿಪಾಯ ಅಥವಾ ಕಬ್ಬಿಣ ಕಟ್ಟುವಿಕೆಯನ್ನು, ಮುಚ್ಚುವ ಮೊದಲೇ ಪರಿಶೀಲಿಸಿ ಅಳತೆ ಪುಸ್ತಕದಲ್ಲಿ ದಾಖಲಿಸಲಾಗುತ್ತದೆ. ಸ್ಕ್ರೂ ಬಿಗಿಯುವುದೂ ಅಂತಹುದೇ ಕೆಲಸ. ಒಮ್ಮೆ ಪುಟ್ಟಿ ಹಚ್ಚಿ, ಪ್ರೈಮರ್ ಬಳಿದ ನಂತರ ಒಂದು ಕೋಣೆಗೆ 180 ಸ್ಕ್ರೂ ಹಾಕಿದ್ದಾರೋ 90 ಹಾಕಿದ್ದಾರೋ ಎಂಬುದನ್ನು ಬರಿಗಣ್ಣಿನಿಂದ ಯಾರೂ ಹೇಳಲಾರರು. ಹಲಗೆ ಏರಿಸಿದ ದಿನ ಮತ್ತು ಪುಟ್ಟಿ ಪ್ರಾರಂಭಿಸುವ ದಿನಗಳ ನಡುವಿನ ಅಲ್ಪ ಅವಧಿಯೇ ಪರಿಶೀಲನೆಗೆ ಇರುವ ಏಕೈಕ ಅವಕಾಶ. ಆ ದಿನ ಮನೆಯವರು ತಪ್ಪದೆ ಸ್ಥಳದಲ್ಲಿರುವುದು ಅವಶ್ಯ.

ಪರಿಶೀಲನೆಗೆ ವಿಶೇಷ ಪರಿಣತಿ ಬೇಕಿಲ್ಲ. ಒಂದು ಅಳತೆ ಟೇಪು, ಒಂದು ಉಕ್ಕಿನ ಸ್ಕೇಲು, ಒಂದು ಟಾರ್ಚು ಸಾಕು. ಟೇಪು ಹಿಡಿದು ಸ್ಕ್ರೂವಿನಿಂದ ಸ್ಕ್ರೂವಿಗೆ ಒಂಬತ್ತು ಇಂಚು ಇದೆಯೇ ಎಂದು ನಾಲ್ಕಾರು ಕಡೆ ನೋಡುವುದು. ಸ್ಕೇಲಿನ ಅಂಚನ್ನು ಸ್ಕ್ರೂವಿನ ಸಾಲಿನ ಮೇಲೆ ಎಳೆಯುವುದು; ‘ಟಿಕ್’ ಎಂದು ತಾಗಿದರೆ ತಲೆ ಹೊರಗಿದೆ. ಟಾರ್ಚನ್ನು ಪಕ್ಕದಿಂದ ಹಾಯಿಸಿದರೆ ಹರಿದ ಕಾಗದದ ಬಿಳಿ ಪುಡಿ ಎದ್ದು ಕಾಣುತ್ತದೆ. ಅಂಗೈಯಿಂದ ಹಲಗೆಯನ್ನು ಮೆಲ್ಲನೆ ಮೇಲಕ್ಕೆ ಒತ್ತಿದಾಗ ಅಲುಗಿದಲ್ಲಿ ಅಲ್ಲಿ ಸ್ಕ್ರೂ ಪಟ್ಟಿಯನ್ನು ತಪ್ಪಿಸಿಕೊಂಡಿದೆ ಎಂದರ್ಥ. ಎಲ್ಲದರ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ಸ್ಕ್ರೂ ಪೆಟ್ಟಿಗೆಯ ಮೇಲಿನ ಚೀಟಿಯ ಚಿತ್ರವೂ ಇರಲಿ.

ಕೆಲಸ ಒಪ್ಪಿಸುವ ಮುನ್ನ ಗುತ್ತಿಗೆದಾರರೊಂದಿಗೆ ಮಾಡಿಕೊಳ್ಳುವ ಬರಹದಲ್ಲಿ ಈ ಕೆಳಗಿನಂತೆ ನಮೂದಿಸಿಕೊಳ್ಳಬಹುದು:

“ಐ.ಎಸ್. 2095 ಭಾಗ 1ರ ಮುದ್ರೆಯುಳ್ಳ 12.5 ಮಿ.ಮೀ. ಜಿಪ್ಸಂ ಹಲಗೆಯನ್ನು 0.5 ಮಿ.ಮೀ. ದಪ್ಪದ ಸತು ಲೇಪಿತ ಪಟ್ಟಿಗಳಿಗೆ, ಪಟ್ಟಿಗಳ ಅಂತರ 450 ಮಿ.ಮೀ. ಮೀರದಂತೆ, ಸಣ್ಣ ಥ್ರೆಡ್‌ನ 3.5 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ ಡ್ರೈವಾಲ್ ಸ್ಕ್ರೂಗಳಿಂದ, ಸ್ಕ್ರೂಗಳ ಅಂತರ 230 ಮಿ.ಮೀ. ಮೀರದಂತೆ ಬಿಗಿಯತಕ್ಕದ್ದು. ಮಾಲೀಕರು ಪರಿಶೀಲಿಸಿ ಒಪ್ಪಿಗೆ ನೀಡಿದ ನಂತರವೇ ಪುಟ್ಟಿ ಕೆಲಸ ಪ್ರಾರಂಭಿಸತಕ್ಕದ್ದು.”

‘ಚದರ ಅಡಿಗೆ ಇಷ್ಟು ರೂಪಾಯಿ’ ಎಂಬ ಒಂದೇ ಸಾಲಿನ ಬಾಯಿಮಾತಿನ ಕರಾರಿಗಿಂತ ಈ ನಾಲ್ಕು ಸಾಲು ಗುತ್ತಿಗೆದಾರರಿಗೂ ಅನುಕೂಲವೇ. ಪ್ರಾಮಾಣಿಕವಾಗಿ ಪೂರ್ಣ ಸಂಖ್ಯೆಯ ಸ್ಕ್ರೂ ಹಾಕುವವರ ದರ, ಅರ್ಧ ಹಾಕುವವರ ದರದ ಮುಂದೆ ದುಬಾರಿಯಾಗಿ ಕಾಣದಂತೆ ಇದು ತಡೆಯುತ್ತದೆ.

ದೋಷ ಕಂಡುಬಂದಲ್ಲಿ

ಸೀಲಿಂಗ್ ಜೋತುಬಿದ್ದಿದ್ದರೆ, ನೀರಿನ ಕಲೆ ಹರಡುತ್ತಿದ್ದರೆ ಅಥವಾ ಸ್ಕ್ರೂ ಸಾಲಿನ ಉದ್ದಕ್ಕೂ ಬಿರುಕು ಬಿಟ್ಟಿದ್ದರೆ ಆ ಕೋಣೆಯ ವಿದ್ಯುತ್ ಸಂಪರ್ಕ ಕಡಿತಗೊಳಿಸಿ, ಮಕ್ಕಳನ್ನೂ ವೃದ್ಧರನ್ನೂ ಬೇರೆ ಕಡೆ ಮಲಗಿಸುವುದು. ಕೋಲಿನಿಂದ ತಿವಿದು ನೋಡಬೇಡಿ. ಪೂರ್ತಿ ನೆನೆದ ಹಲಗೆ ಒಣಗಿದ ಮೇಲೂ ಮೊದಲಿನ ಬಲ ಪಡೆಯುವುದಿಲ್ಲ. ಅಷ್ಟು ಭಾಗವನ್ನು ಪಟ್ಟಿಯಿಂದ ಪಟ್ಟಿಗೆ ಕತ್ತರಿಸಿ ಹೊಸ ಹಲಗೆ ಹಾಕಿಸತಕ್ಕದ್ದು. ಒಂದೆರಡು ಸ್ಕ್ರೂ ಮಾತ್ರ ಹೊರಗೆ ಬಂದಿದ್ದಲ್ಲಿ ಅದನ್ನೇ ಮತ್ತೆ ಒಳಕ್ಕೆ ತಿರುಗಿಸದೆ, ಪಕ್ಕದಲ್ಲಿ ಹೊಸ ಸ್ಕ್ರೂ ಬಿಗಿದು ಹಳೆಯದನ್ನು ತೆಗೆದು ಪುಟ್ಟಿ ತುಂಬಿಸುವುದು.

ಹಣ ಪಡೆದು ಕಳಪೆ ಕೆಲಸ ಮಾಡಿರುವುದು ಅಥವಾ ಕಳಪೆ ಸಾಮಗ್ರಿ ಮಾರಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ವ್ಯಾಪ್ತಿಗೆ ಬರುತ್ತದೆ. ಮೊದಲು ಲಿಖಿತವಾಗಿ ಗುತ್ತಿಗೆದಾರರ ಗಮನಕ್ಕೆ ತಂದು ಸರಿಪಡಿಸಲು ಕಾಲಾವಕಾಶ ನೀಡುವುದು ಸೂಕ್ತ. ಪ್ರಯೋಜನವಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಥವಾ ಹಾಸನದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. 2021ರ ನಿಯಮಗಳಂತೆ ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗದ ಮುಂದೆ ಬರುತ್ತವೆ. 5 ಲಕ್ಷ ರೂಪಾಯಿವರೆಗಿನ ದೂರುಗಳಿಗೆ ಶುಲ್ಕವಿಲ್ಲ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿರುವುದರಿಂದ, ಬೆಂಗಳೂರು ಅಥವಾ ಮೈಸೂರಿನ ಗುತ್ತಿಗೆದಾರರಿಂದ ಕೆಲಸ ಮಾಡಿಸಿದ ಅರಕಲಗೂಡಿನವರು ಅಲ್ಲಿಗೆ ಅಲೆಯಬೇಕಾಗಿಲ್ಲ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಬಿಲ್ಲು, ಕರಾರಿನ ಬರಹ, ಹಣ ಪಾವತಿಯ ದಾಖಲೆ ಹಾಗೂ ಪುಟ್ಟಿಗೆ ಮುಂಚಿನ ಛಾಯಾಚಿತ್ರಗಳ ಪ್ರತಿಗಳನ್ನು ದೂರಿನೊಂದಿಗೆ ಲಗತ್ತಿಸುವುದು.

ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಹಲಗೆ ತಯಾರಕರು ನೀಡಿರುವ ಸೂಚನೆಯಲ್ಲಿ ಇದಕ್ಕಿಂತ ಕಡಿಮೆ ಅಂತರ ನಿಗದಿಯಾಗಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು. ಕಟ್ಟಡ ಪರವಾನಗಿ ಅಥವಾ ಉದ್ದಿಮೆ ಪರವಾನಗಿಗೆ ಸಂಬಂಧಿಸಿದ ಅರ್ಜಿಗಳನ್ನು ಆಯಾ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಪ್ರತ್ಯೇಕವಾಗಿ ಸಲ್ಲಿಸುವುದು.